ಹತ್ತುವ ಅಳಿಲು, ಇಳಿಯುವ ಅಳಿಲು

ನಾನು ಓದು ನಿಲ್ಲಿಸಿದ್ದು 1974ರಲ್ಲಿ, ಏಳನೇ ಕ್ಲಾಸಿನ ನಡುವೆ. ಅದಕ್ಕೆ ಬಡತನ, ಮಳೆ, ದೂರದ ಶಾಲೆ ಎಂದು ಏನೇನೋ ಕಾರಣ ಹೇಳಬಹುದು. ಹೇಳಿದರೆ ಕೇಳುವವರ ಕಣ್ಣಲ್ಲಿ ನೀರೂ ಬರಬಹುದು. ಆದರೆ ನಿಜಸಂಗತಿ ಅಷ್ಟು ಚಂದ ಇಲ್ಲ. ಉಪ್ಪಿನಂಗಡಿ ಹತ್ತಿರದ ನಮ್ಮ ಶಾಲೆಯ ಗಣಿತದ ಮಾಸ್ಟ್ರು ಒಂದು ದಿನ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ತೊಟ್ಟಿಗೆ ಒಂದು ನಳ್ಳಿಯಿಂದ ನೀರು ಬರುವ, ಇನ್ನೊಂದರಿಂದ ಹೊರಗೆ ಹೋಗುವ ಲೆಕ್ಕ ಕೊಟ್ಟರು. ನಾನು ಬಹಳ ಹೊತ್ತು ಯೋಚಿಸಿ, "ಮೊದ್ಲು ಆ ಹೋಗುವ ನಳ್ಳಿ ಬಂದ್ ಮಾಡ್ಬೇಕು ಸಾರ್" ಎಂದೆ. ಉತ್ತರ ಸರಿ ಎಂದು ಈಗಲೂ ನನ್ನ ವಾದ. ಮಾಸ್ಟ್ರು ನನ್ನ ಕೈಯಿಂದ ಚಾಕ್‌ಪೀಸು ತೆಗೆದುಕೊಂಡು ಇಡೀ ಕ್ಲಾಸಿಗೆ ಕೇಳುವಂತೆ, "ಇವನಿಂದ ಆಗ್ಲಿಕ್ಕಿಲ್ಲ" ಎಂದರು. ಗಣಿತದ ಮಟ್ಟಿಗೆ ಅವರ ಅಭಿಪ್ರಾಯ ಸರಿಯೇ ಇತ್ತು. ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಮರುದಿನ ಚೀಲ ಹಿಡಿದುಕೊಂಡು ಹೊರಟವನು ಶಾಲೆಗೆ ಹೋಗುವ ಬದಲು ಪೇಟೆಯಲ್ಲಿದ್ದ ಮಾವನ ಟೈಲರ್ ಅಂಗಡಿಗೆ ಹೋಗಿ ಕೂತೆ. "ಬಟನ್ ಹಾಕ್ಲಿಕ್ಕೆ ಆಗ್ತದಾ?" ಎಂದು ಮಾವ ಕೇಳಿದರು. "ಆಗ್ತದೆ" ಎಂದೆ. ಆಗ ನನಗೆ ಸೂಜಿಗೆ ನೂಲು ಪೋಣಿಸಲೂ ಬರುತ್ತಿರಲಿಲ್ಲ.

ಅಂದಿನಿಂದ "ಆಗ್ಲಿಕ್ಕಿಲ್ಲ" ಎಂಬ ಶಬ್ದವನ್ನು ನಾನು ಬಾಯಿಂದ ಹೊರಗೆ ಬಿಟ್ಟವನಲ್ಲ. ಉಪ್ಪಿನಂಗಡಿಯಿಂದ ಬೊಂಬಾಯಿಗೆ ಹೋದೆ, ಅಲ್ಲಿಂದ ಅಬುಧಾಬಿಗೆ ಬಂದೆ. ಅಂಗಿ ಹೊಲಿಯುವುದನ್ನು ಬಿಟ್ಟು ಪರದೆ ಹೊಲಿಯುವುದಕ್ಕೆ ಇಳಿದೆ, ಯಾಕೆಂದರೆ ಕಿಟಕಿ ದಪ್ಪ ಆಗುವುದಿಲ್ಲ, ಹೊಟ್ಟೆ ಬಂದಿದೆ ಎಂದು ಸಡಿಲ ಮಾಡಿಸಲು ವಾಪಸು ಬರುವುದೂ ಇಲ್ಲ. ಹಮ್ದಾನ್ ರಸ್ತೆಯ ಹಿಂದಿನ ಓಣಿಯಲ್ಲಿ ನನ್ನದೇ ಅಂಗಡಿ ಆಯಿತು. ಗಿರಾಕಿ ಏನು ಕೇಳಿದರೂ ನನ್ನ ಉತ್ತರ ಒಂದೇ: ಆಗ್ತದೆ. ದುಂಡು ಕಿಟಕಿಗೆ ಪರದೆ ಆಗ್ತದಾ? ಆಗ್ತದೆ. ಈದ್ ಹಬ್ಬದ ಒಳಗೆ ಆಗ್ತದಾ? ಆಗ್ತದೆ. ಮೊದಲು ಒಪ್ಪಿಕೊಳ್ಳುವುದು, ಆಮೇಲೆ ಹೇಗೆ ಎಂದು ಯೋಚಿಸುವುದು ನನ್ನ ಕ್ರಮ. ನನ್ನ ಕಟಿಂಗ್ ಮಾಸ್ಟರ್ ಪಾಕಿಸ್ತಾನದ ಕರೀಂ ಭಾಯಿಗೆ ಬರುವ ಕನ್ನಡ ಶಬ್ದವೂ ಇದೊಂದೇ. ನಾನು ಗಿರಾಕಿಗೆ "ಆಗ್ತದೆ" ಎಂದ ಕೂಡಲೇ ಅವರು ಕತ್ತರಿ ಕೆಳಗಿಟ್ಟು ಮೇಲೆ ನೋಡಿ "ಯಾ ಅಲ್ಲಾ" ಎನ್ನುತ್ತಾರೆ.

ಪರದೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಊರಲ್ಲಿ ಕಿಟಕಿ ಇರುವುದು ಹೊರಗೆ ನೋಡಲಿಕ್ಕೆ. ಇಲ್ಲಿ ಹೊರಗೆ ನೋಡಿದರೆ ಕಣ್ಣು ಚುಚ್ಚುವ ಬಿಸಿಲು, ಪಕ್ಕದ ಸೈಟಿನ ಕ್ರೇನು, ಮರಳು. ಎ.ಸಿ. ಹಾಕಿ, ಕಿಟಕಿ ಮುಚ್ಚಿ, ಪರದೆ ಎಳೆದು ಕೂತವರು ವರ್ಷದ ಮುಕ್ಕಾಲು ಪಾಲು ಪರದೆಯನ್ನೇ ನೋಡುತ್ತಾರೆ. ಹಾಗಾಗಿ ಈ ಊರಿನಲ್ಲಿ ಪರದೆಯೇ ತೋಟ. ಬಳ್ಳಿ, ಗುಲಾಬಿ, ಹಕ್ಕಿ, ಹೊಳೆ ಎಲ್ಲ ಇರುವುದು ಅದರ ಮೇಲೆ. ನಗರದ ಉದ್ಯಾನಗಳನ್ನು ಬೆಳೆಸಿದವರು ಟ್ಯಾಂಕರುಗಟ್ಟಲೆ ನೀರು ಸುರಿದಿದ್ದಾರೆ. ನಾನು ಒಂದು ಹನಿ ನೀರು ಹಾಕದೆ ಅಬುಧಾಬಿಯ ಮನೆಮನೆಯಲ್ಲಿ ತೋಟ ಮಾಡಿಕೊಟ್ಟಿದ್ದೇನೆ, ಒಂದು ಎಲೆಯೂ ಒಣಗಿಲ್ಲ. ಇದನ್ನು ನಾನು ನಮ್ಮವರ ಕೂಟದಲ್ಲಿ ಹೇಳಿದಾಗ ಹೆಂಡತಿ ಝೊಹರಾ ಹಿಂದಿನಿಂದ, "ನಮ್ಮ ಮನೆಯ ತೋಟ ಯಾವಾಗ ಮಾಡುದು?" ಎಂದು ಕೇಳಿದಳು. ನಮ್ಮ ಫ್ಲ್ಯಾಟಿನ ಕಿಟಕಿಗಳಿಗೆ ಆಗ ಹಳೆಯ ಬೆಡ್‌ಶೀಟು ತೂಗುತ್ತಿತ್ತು. ಮುಂದಿನ ವಾರ ಎಂದೆ. ಆ ಮುಂದಿನ ವಾರ ಬರಲು ಬಹಳ ವರ್ಷ ಹಿಡಿಯಿತು.

ಸಂಗತಿ ನಡೆದದ್ದು 2003ರ ಚಳಿಗಾಲದಲ್ಲಿ. ಮೈಸೂರಿನ ವತ್ಸಲಾ ಮೇಡಂ ಫೋನ್ ಮಾಡಿ ಊರ ಹೊರಗಿನ ಖಲೀಫಾ ಸಿಟಿಗೆ ಬರಬೇಕೆಂದರು. ಅವರ ಯಜಮಾನರು ಯಾವುದೋ ದೊಡ್ಡ ಆಫೀಸಿನಲ್ಲಿ ಇಂಜಿನಿಯರು. ಫ್ಲ್ಯಾಟು ಬಿಟ್ಟು ಹೊಸದಾಗಿ ವಿಲ್ಲಾ ಹಿಡಿದಿದ್ದರು. ಮುಂದೆ ಅಂಗೈಯಗಲ ತೋಟ, ಅದರಲ್ಲಿ ಬಣ್ಣಬಣ್ಣದ ಪೆಟೂನಿಯಾ, ಗೋಡೆಗೆ ಒರಗಿದ ಬೋಗನ್‌ವಿಲ್ಲಾ, ಚಳಿಗಾಲವಾದ್ದರಿಂದ ನಾಲ್ಕಾರು ಹಳದಿ ಚಿಟ್ಟೆಗಳೂ ಇದ್ದವು. ತೋಟದ ಕಡೆಗೆ ತೆರೆಯುವ ದೊಡ್ಡ ಗಾಜಿನ ಬಾಗಿಲಿಗೆ ಪರದೆ ಬೇಕಿತ್ತು. ಬಟ್ಟೆ ನಾನು ತರಬೇಕಾಗಿರಲಿಲ್ಲ. ಮೇಡಂ ಒಳಗಿನಿಂದ ಒಂದು ಸೂಟ್‌ಕೇಸು ಉರುಳಿಸಿಕೊಂಡು ಬಂದು, ಟಿಶ್ಯೂ ಪೇಪರ್ ಬಿಡಿಸಿ, ಬಟ್ಟೆಯನ್ನು ಹಸುಗೂಸಿನ ಹಾಗೆ ಎರಡು ಕೈಯಲ್ಲಿ ಎತ್ತಿದರು. "ಲಂಡನ್ನಿಗೆ ಹೋದಾಗ ತಂದಿದ್ದು ಅಬ್ಬಾಸ್ ಅವ್ರೆ. ಅಂಗಡೀಲಿ ಇದ್ದಿದ್ದೇ ಇಷ್ಟು. ಇನ್ನೊಂದ್ ಗೇಣು ಬೇಕು ಅಂದ್ರೂ ಸಿಗಲ್ಲ. ಜೋಪಾನ."

ನಾನು ಬಟ್ಟೆ ಕಂಡವನು; ಆದರೆ ಅಂಥ ಬಟ್ಟೆ ಕಂಡಿರಲಿಲ್ಲ. ಒಂದು ಇಡೀ ಕಾಡು ಅದರಲ್ಲಿತ್ತು. ಓರೆಯಾಗಿ ಏರುವ ಕೊಂಬೆಗಳು, ಕೊಂಬೆಗಳ ಮೇಲೆ ಕೆಂಪು ಅಳಿಲುಗಳು, ನಡುನಡುವೆ ನೀಲಿ ಗಂಟೆಹೂ, ಬಿಳಿ ಹೂ, ಅವುಗಳ ಮೇಲೆ ಚಿಟ್ಟೆ, ಮೂಲೆಗಳಲ್ಲಿ ಸಣ್ಣ ಸಣ್ಣ ಅಣಬೆ. ಅಳಿಲು ಎಂದರೆ ನಮ್ಮ ತೆಂಗಿನಮರದ ಬೂದು ಅಳಿಲಲ್ಲ. ಸುಬ್ರಹ್ಮಣ್ಯದ ಕಾಡಿನಲ್ಲಿ ಬೆಕ್ಕಿನಷ್ಟು ದೊಡ್ಡದಾಗಿರುವ ಕೆಂಜಳಿಲೂ ಅಲ್ಲ. ಇದು ಇಟ್ಟಿಗೆಯ ಬಣ್ಣದ್ದು, ಬಾಲ ಉಣ್ಣೆಯ ಉಂಡೆಯ ಹಾಗೆ, ಎರಡು ಕಿವಿಯ ತುದಿಯಲ್ಲೂ ಕೂದಲ ಜುಟ್ಟು. ನನಗೆ ಊರಿನ ಅದ್ರಾಮಾಕ ಎಂಬ ಹಿರಿಯರ ನೆನಪಾಯಿತು. ಅವರ ಕಿವಿಯಲ್ಲೂ ಹೀಗೆಯೇ ಇತ್ತು, ಬಣ್ಣ ಮಾತ್ರ ಬೇರೆ.

ಸೋಫಾದ ಮೂಲೆಯಲ್ಲಿ ಮೇಡಂ ಅವರ ಅತ್ತೆ ಕೂತಿದ್ದರು. ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದ ಅಜ್ಜಿ. ದಪ್ಪ ಕನ್ನಡಕ, ಸಣ್ಣ ದೇಹ, ದೊಡ್ಡ ದನಿ. ಬಟ್ಟೆಯನ್ನು ಹತ್ತಿರ ಎಳೆದುಕೊಂಡು ನೋಡಿ, "ಇದು ಅಳಿಲೇನೆ? ಬೆನ್ನ ಮೇಲೆ ಗೆರೆ ಎಲ್ಲಿ? ರಾಮದೇವ್ರು ಸವರಿದ ಗೆರೆ?" ಎಂದರು.

ಮೇಡಂ ನನ್ನ ಮುಖ ನೋಡಿದರು. ನಾನೇ ಉತ್ತರ ಕೊಟ್ಟೆ. "ಅಜ್ಜಿ, ಇದು ಲಂಡನ್ನಿನ ಅಳಿಲು. ಸೇತುವೆ ಕಟ್ಟುವಾಗ ಇದು ಬರ್ಲಿಲ್ಲ. ದೂರ ಅಲ್ವಾ?"

ಅಜ್ಜಿ ಕನ್ನಡಕದ ಮೇಲಿಂದ ನನ್ನನ್ನು ಒಮ್ಮೆ ನೋಡಿ, "ನೀನು ಆಸಾಮಿ ಪರವಾಗಿಲ್ಲ ಕಣಯ್ಯ" ಎಂದರು. ನಾನು ಸ್ವಲ್ಪ ಉಬ್ಬಿದೆ. ಅಲ್ಲೇ ತಪ್ಪಾದದ್ದು. ಉಬ್ಬಿದ ಮನುಷ್ಯ ಮುಂದಿನ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳುವುದಿಲ್ಲ. ಅಜ್ಜಿ ಮುಂದುವರಿಸಿದರು: "ಎಲ್ಲಾ ಅಳಿಲೂ ಎಡಗಡೆಗೇ ಹೊರಟಿದಾವಲ್ಲೋ. ಎಡಗಡೆ ಏನಿದೆ? ಮುಂಬಾಗ್ಲು. ಹೊಸ ಮನೆಗೆ ಬಂದಿದೀವಿ, ಇದ್ದಬದ್ದ ಪ್ರಾಣಿಯೆಲ್ಲ ಬಾಗಿಲ ಕಡೆ ಮುಖ ಮಾಡಿ ಹೊರಟ್ರೆ ಏನರ್ಥ? ಲಕ್ಷ್ಮೀನೂ ಜೊತೇಲೇ ಹೊರಡ್ತಾಳೆ. ಎಡಗಡೆ ಪರದೇದು ಬಲಗಡೆ ನೋಡ್ಲಿ, ಬಲಗಡೇದು ಎಡಗಡೆ ನೋಡ್ಲಿ. ಎದುರುಬದುರು. ಆಗುತ್ತೋ ಇಲ್ವೋ?"

"ಅತ್ತೆ, ಅದೆಲ್ಲ ಪ್ರಿಂಟು" ಎಂದು ಮೇಡಂ ಹೇಳಲು ಹೊರಟರು. ಅಷ್ಟರಲ್ಲಿ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು. "ಆಗ್ತದೆ ಅಜ್ಜಿ. ಎಂತ ತೊಂದ್ರೆ ಇಲ್ಲ."

ಮುಂದಿನ ವಾರದ ಶುಕ್ರವಾರ ಹಾಲುಕ್ಕಿಸುವ ಶಾಸ್ತ್ರ, ಊಟಕ್ಕೆ ಅಬುಧಾಬಿಯ ಕನ್ನಡದವರೆಲ್ಲ ಬರುತ್ತಾರೆ, ಪರದೆ ಗುರುವಾರವೇ ಏರಬೇಕು ಎಂದು ಮೇಡಂ ಹೇಳಿದರು. ಅದಕ್ಕೂ ಆಗ್ತದೆ ಎಂದೆ. ಬಟ್ಟೆಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಸೀಟ್‌ಬೆಲ್ಟು ಹಾಕಿದೆ. ದಾರಿಯುದ್ದಕ್ಕೂ ಎಡಕ್ಕೆ ನೋಡುವ ಅಳಿಲನ್ನು ಬಲಕ್ಕೆ ನೋಡಿಸುವುದು ಹೇಗೆ ಎಂದು ಯೋಚಿಸಿದೆ. ಏರ್‌ಪೋರ್ಟಿನ ತಿರುವು ದಾಟುವಾಗ ಗೊತ್ತಾಯಿತು, ಹೇಗೂ ಇಲ್ಲ ಎಂದು.

ಅಂಗಡಿಯಲ್ಲಿ ಕರೀಂ ಭಾಯಿ ಬಟ್ಟೆ ಹರಡಿ, ತಲೆ ಕೆರೆದು, "ಸೇಠ್, ಯೇ ಸಬ್ ಏಕ್ ಹೀ ತರಫ್ ಜಾ ರಹೇ ಹೈಂ" ಎಂದರು. ಎಲ್ಲ ಒಂದೇ ಕಡೆ ಹೊರಟದ್ದು ಗೊತ್ತುಂಟು ಎಂದೆ. ಬಟ್ಟೆ ಮಗುಚಿದರೆ ಮುಖ ಬಲಕ್ಕೆ ಬರುತ್ತದೆ, ನಿಜ. ಆದರೆ ಹಿಂಬದಿಯಲ್ಲಿ ಬಣ್ಣ ಕೂತಿರಲಿಲ್ಲ. ಅಳಿಲುಗಳು ಟೈಫಾಯ್ಡಿನಿಂದ ಎದ್ದು ಬಂದವರ ಹಾಗೆ ಬಿಳಿಚಿಕೊಂಡಿದ್ದವು, ಹೂಗಳು ಒಗೆದು ಒಗೆದು ಹೋದ ಲುಂಗಿಯ ಹಾಗೆ. ಒಂದೊಂದೇ ಅಳಿಲನ್ನು ಕತ್ತರಿಸಿ ತಿರುಗಿಸಿ ಹೊಲಿದರೆ ಹೇಗೆ ಎಂದು ಕೇಳಿದೆ. ಕರೀಂ ಭಾಯಿ ಹೋಗಿ ಚಹಾ ತಂದು ನನ್ನ ಮುಂದೆ ಇಟ್ಟರು. ರೋಗಿಗೆ ಕೊಡುವ ಹಾಗೆ ಕೊಟ್ಟರು. ಆಮೇಲೆ ಮೆತ್ತಗೆ, "ಬೋಲ್ ದೋ ನಹೀಂ ಹೋಗಾ. ಖಲಾಸ್. ಕ್ಯಾ ಜಾತಾ ಹೈ?" ಎಂದರು.

ಆಗುವುದಿಲ್ಲ ಎಂದುಬಿಟ್ಟರೆ ಏನು ಹೋಗುತ್ತದೆ ಎಂದು ಅವರಿಗೆ ಹೇಗೆ ತಿಳಿಸುವುದು? ಉಳಿದವರ ಹತ್ತಿರ ಡಿಗ್ರಿ ಉಂಟು. ಒಂದು ಕೆಲಸ ಆಗಲಿಲ್ಲ ಎಂದರೂ ಗೋಡೆಯ ಮೇಲಿನ ಫ್ರೇಮು ಹಾಗೆಯೇ ಇರುತ್ತದೆ. ನನ್ನ ಗೋಡೆಯಲ್ಲಿ ಕ್ಯಾಲೆಂಡರ್ ಮಾತ್ರ. ನನ್ನ ಹತ್ತಿರ ಇದ್ದದ್ದು ಆ ಒಂದು ಶಬ್ದ. ಈ ಊರಿನಲ್ಲಿ "ಅಬ್ಬಾಸನಿಗೆ ಕೊಟ್ಟರೆ ಆಗ್ತದೆ" ಎಂಬ ಮಾತು ಬೋರ್ಡಿಗಿಂತ ದೊಡ್ಡದಾಗಿ ನಿಂತಿತ್ತು. ಈಗ ಖಲೀಫಾ ಸಿಟಿಗೆ ಹೋಗಿ ಒಬ್ಬ ಅಜ್ಜಿಯ ಮುಂದೆ "ಆಗ್ಲಿಕ್ಕಿಲ್ಲ" ಎಂದರೆ, ಆ ಮಾಸ್ಟ್ರು ಎಲ್ಲಿದ್ದರೂ ಚಾಕ್‌ಪೀಸು ಹಿಡಿದು ನಗುತ್ತಾರೆ ಎಂದೇ ನನಗೆ ಅನಿಸಿತು.

ಶುಕ್ರವಾರ ಜುಮಾ ನಮಾಜು ಮುಗಿಸಿ, ಊಟ ಮಾಡಿ, ಬಟ್ಟೆಯನ್ನು ಮನೆಗೇ ತಂದು ಹಾಲಿನ ನೆಲದಲ್ಲಿ ಉದ್ದಕ್ಕೂ ಹರಡಿದೆ. ಅಂಗಡಿಯ ಮೇಜು ಇಷ್ಟು ಉದ್ದ ಇರಲಿಲ್ಲ. ಮಕ್ಕಳನ್ನು ಒಳಗೆ ಟಿ.ವಿ.ಯ ಮುಂದೆ ಕೂರಿಸಿ, ನಾನು ಬಟ್ಟೆಯ ಈಚೆ ಬದಿ ಚಕ್ಕಳಮಕ್ಕಳ ಹಾಕಿ ಕೂತು ಅಳಿಲುಗಳನ್ನು ದುರುಗುಟ್ಟಿ ನೋಡುತ್ತಿದ್ದೆ. ಆಚೆ ಬದಿ, ಗೋಡೆಗೆ ಒರಗಿ, ಝೊಹರಾ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಮ್ಮ ಮನೆಮಾತು ಬ್ಯಾರಿ. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಖಾರ ಅರ್ಧಕ್ಕೆ ಇಳಿದಿದೆ ಎಂದು ತಿಳಿದುಕೊಳ್ಳಬೇಕು.

"ಚಂದ ಉಂಟು" ಎಂದಳು. "ಹೇಗೆ ಇಳೀತಾ ಉಂಟು ನೋಡಿ."

"ಇಳಿಯುದಲ್ಲ. ಹತ್ತುದು."

"ಇಳಿಯುದು. ನಂಗೆ ಕಣ್ಣು ಕಾಣ್ತದೆ."

"ನಾನು ಬಟ್ಟೆಯ ಕೆಲಸದವ. ನಂಗೆ ಹೇಳ್ಲಿಕ್ಕೆ ಬರ್ಬೇಡ. ಅಳಿಲು ಹತ್ತುದು."

"ಬಟ್ಟೆಯ ಕೆಲಸದವರು!" ಎಂದು ಅವಳು ಕಿಟಕಿಯ ಬೆಡ್‌ಶೀಟಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ನಮ್ಮ ಮನೆಯ ಹಿಂದಿನ ತೆಂಗಿನಮರದಲ್ಲಿ ದಿನಾ ನೋಡಿದ್ದೇನೆ. ತಲೆ ಕೆಳಗೆ, ಬಾಲ ಮೇಲೆ, ಸೀದಾ ಅಡುಗೆಕೋಣೆಯ ಮಾಡಿಗೆ. ಹೀಗೇ ಇಳಿಯುದು. ನೀವು ಬೇಕಾದ್ರೆ ಹತ್ತಿಸಿ."

ನನಗೆ ಸಿಟ್ಟು ಬಂತು. ಇವಳಿಗೆ ಇವತ್ತು ತೋರಿಸಿಯೇ ಬಿಡುತ್ತೇನೆ ಎಂದು ಎದ್ದು, ಬಟ್ಟೆ ತುಳಿಯದಂತೆ ಗೋಡೆಯ ಬದಿಯಿಂದ ಸುತ್ತಿ ಹೋಗಿ, ಅವಳ ಪಕ್ಕ ಕೂತು, ಬೆರಳು ಎತ್ತಿದೆ. ಎತ್ತಿದ ಬೆರಳು ಹಾಗೆಯೇ ಉಳಿಯಿತು. ಆ ಬದಿಯಿಂದ ನೋಡಿದರೆ ಅಳಿಲುಗಳೆಲ್ಲ ಇಳಿಯುತ್ತಿದ್ದವು. ತಲೆ ಮುಂದೆ, ಬಾಲ ಹಿಂದೆ, ಓರೆ ಕೊಂಬೆಯನ್ನು ಹಿಡಿದುಕೊಂಡು, ಬಹಳ ನೆಮ್ಮದಿಯಿಂದ. ಮತ್ತು ಎಲ್ಲವೂ ಬಲಕ್ಕೆ ನೋಡುತ್ತಿದ್ದವು. ಗಂಟೆಹೂಗಳು ಮಾತ್ರ ಬಾಯಿ ಮೇಲೆ ಮಾಡಿ ನಿಂತಿದ್ದವು. ಹೂವು ಮೇಲಕ್ಕೆ ನೋಡುವುದು ಹೊಸತೇನಲ್ಲ. ಚಿಟ್ಟೆಗಂತೂ ಮೇಲು ಕೆಳಗು ಎಂದೇ ಇಲ್ಲ.

ಮದುವೆಯಾಗಿ ಅಷ್ಟು ವರ್ಷವಾಗಿತ್ತು. ಆ ಹಾಲಿನಲ್ಲಿ ಅವಳು ಕೂರುವ ಬದಿಗೆ ನಾನು ಹೋಗಿ ಕೂತದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಎ.ಸಿ.ಯ ಕೆಳಗಿನ ಗೋಡೆಯ ಬಿರುಕು ಕಾಣುತ್ತದೆ, ಬೆಡ್‌ಶೀಟಿನ ತೂತೂ ಕಾಣುತ್ತದೆ. ಅದನ್ನೆಲ್ಲ ಹೇಳಲಿಲ್ಲ. "ಹ್ಞಾಂ, ಇಳಿಯುದೇ" ಎಂದೆ, ಆದಷ್ಟು ಸಣ್ಣ ದನಿಯಲ್ಲಿ.

"ಎಂತ?"

"ಬೆಳ್ಳುಳ್ಳಿ ಸುಲಿಯುವ ಬಾ ಎಂದೆ" ಎಂದು ಅವಳ ಮಡಿಲಿನಿಂದ ನಾಲ್ಕು ಎಸಳು ತೆಗೆದುಕೊಂಡೆ.

ಶನಿವಾರ ಅಂಗಡಿಯಲ್ಲಿ ಎಡಗಡೆಯ ಪರದೆಯ ಬಟ್ಟೆಯನ್ನು ತಲೆಕೆಳಗೆ ಮಾಡಿ ಗುರುತು ಹಾಕಿದಾಗ ಕರೀಂ ಭಾಯಿ ಕತ್ತರಿ ಮುಟ್ಟಲಿಲ್ಲ. ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದೇ ಚಿತ್ರದ ತಲೆ ಯಾವ ಕಡೆ ಎಂದು ನೋಡಿ ಕತ್ತರಿಸು ಎಂಬುದನ್ನು. ಒಮ್ಮೆ ನೆರಿಗೆ ಹಿಡಿದು ಹೊಲಿದರೆ ಬಿಚ್ಚಬಹುದು, ಆದರೆ ಆ ಜಾತಿಯ ಹೊಳಪು ಬಟ್ಟೆಯಲ್ಲಿ ಸೂಜಿಯ ತೂತು ಉಳಿದೇ ಉಳಿಯುತ್ತದೆ. ಇನ್ನೊಂದು ಗೇಣು ಬಟ್ಟೆ ಇಲ್ಲ. "ಸೇಠ್, ಮೈಂ ನೇ ಕುಛ್ ನಹೀಂ ದೇಖಾ" ಎಂದು ಅವರು ಏನೂ ಕಾಣದವರ ಹಾಗೆ ಬೆನ್ನು ತಿರುಗಿಸಿ ಕೂತರು. ಕೊನೆಗೆ ನಾನೇ ಕತ್ತರಿಸಿದೆ, ನಾನೇ ಹೊಲಿದೆ. ಎಡಗಡೆಯದನ್ನೂ ಬಲಗಡೆಯದನ್ನೂ ಪಕ್ಕಪಕ್ಕ ಇಟ್ಟಾಗ ಅಳಿಲು ಅಳಿಲಿನ ಸಾಲಿಗೆ, ಹೂವು ಹೂವಿನ ಸಾಲಿಗೆ ಕೂದಲೆಳೆಯಷ್ಟೂ ತಪ್ಪದೆ ಬರುವಂತೆ ಕೂರಿಸಿದೆ. ತಲೆಕೆಳಗಿನ ಕೆಲಸವಾದರೂ ನೇರ ಇರಬೇಕು. ಹೊಲಿಗೆಯ ವಿಷಯದಲ್ಲಿ ನಾನು ಯಾರ ಮಾತೂ ಕೇಳಿಸಿಕೊಂಡವನಲ್ಲ, ಇನ್ನೂ ಕೇಳಿಸಿಕೊಳ್ಳಬೇಕಾಗಿಲ್ಲ.

ಗುರುವಾರ ಮಧ್ಯಾಹ್ನ ಖಲೀಫಾ ಸಿಟಿಗೆ ಹೋದೆವು. ಕರೀಂ ಭಾಯಿ ಏಣಿ ಹಿಡಿದರು, ನಾನು ಹತ್ತಿದೆ. ಮೇಡಂ ಅಡುಗೆಮನೆಯಲ್ಲಿ ನಾಳೆಯ ಗಡಿಬಿಡಿಯಲ್ಲಿದ್ದರು. ಬಲಗಡೆಯ ಪರದೆ ಮೊದಲು ಏರಿಸಿದೆ. ಆಮೇಲೆ ಎಡಗಡೆಯದು. ನೆರಿಗೆ ಸರಿ ಮಾಡಿ, ಏಣಿಯಿಂದ ಇಳಿದು, ಎರಡು ಹೆಜ್ಜೆ ಹಿಂದೆ ನಿಂತೆ. ಚಂದ ಕಾಣುತ್ತಿತ್ತು ಎಂದು ನಾನು ಹೇಳಿದರೆ ನನ್ನ ಕೆಲಸವನ್ನು ನಾನೇ ಹೊಗಳಿದ ಹಾಗೆ ಆಗುತ್ತದೆ. ಆದರೂ ಹೇಳುತ್ತೇನೆ, ಚಂದ ಕಾಣುತ್ತಿತ್ತು.

ಮೇಡಂ ಕೈಯೊರೆಸಿಕೊಳ್ಳುತ್ತಾ ಬಂದರು. "ಅಯ್ಯೋ, ಎಷ್ಟು ಚೆ..." ಎಂದವರು ಅಲ್ಲಿಗೇ ನಿಂತರು. ತಲೆಯನ್ನು ಒಮ್ಮೆ ಎಡಕ್ಕೆ ವಾಲಿಸಿದರು, ಒಮ್ಮೆ ಬಲಕ್ಕೆ. ನನ್ನ ಹಿಂದೆ ಕರೀಂ ಭಾಯಿ ಏಣಿ ಮಡಚುವ ಸದ್ದು ಕೇಳಿತು. ಓಡುವುದಾದರೆ ಸಾಮಾನು ಮೊದಲು ಎಂದು ಅವರ ಲೆಕ್ಕ.

"ಅಬ್ಬಾಸ್ ಅವ್ರೇ! ಏನ್ರೀ ಇದು? ತಲೆಕೆಳಗೆ ಹಾಕ್ಬಿಟ್ಟಿದೀರಲ್ರೀ! ಲಂಡನ್ನಿನ ಬಟ್ಟೆ ಕಣ್ರೀ!"

"ತಲೆಕೆಳಗೆ ಅಲ್ಲ ಮೇಡಂ" ಎಂದೆ. "ಇಳಿಯುದು."

"ಏನು ಇಳಿಯೋದು?"

"ಅಳಿಲು. ಬಲಗಡೆ ಹತ್ತುದು, ಎಡಗಡೆ ಇಳಿಯುದು."

ಮೇಡಂ ಅವರ ಕಣ್ಣಿನಲ್ಲಿ ನೀರು ತುಂಬುತ್ತಿತ್ತು. ಸಿಟ್ಟಾಗಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಕಣ್ಣೀರಿಗೆ ಏನು ಹೇಳುವುದು? ಬಿಚ್ಚಿಕೊಡುತ್ತೇನೆ ಎನ್ನಲು ತೂತುಗಳ ನೆನಪು ಬಂತು. ಅಷ್ಟರಲ್ಲಿ ಅಜ್ಜಿ ಬಂದರು. ಪರದೆಯ ಹತ್ತಿರ, ಮೂಗು ತಾಗುವಷ್ಟು ಹತ್ತಿರ ಹೋಗಿ, ಕನ್ನಡಕ ಎತ್ತಿ, ಒಂದು ಅಳಿಲನ್ನು ನೋಡಿದರು, ಇನ್ನೊಂದನ್ನು ನೋಡಿದರು. ಗಾಜಿನ ಬಾಗಿಲು ಸ್ವಲ್ಪ ತೆರೆದೇ ಇತ್ತು. ಪೆಟೂನಿಯಾದ ಮೇಲಿದ್ದ ಹಳದಿ ಚಿಟ್ಟೆಯೊಂದು ಒಳಗೆ ಬಂದು, ಗಾಳಿಯಲ್ಲಿ ಎರಡು ಸುತ್ತು ಹಾಕಿ, ಎಡಗಡೆಯ ಪರದೆಯ ಬಿಳಿ ಹೂವಿನ ಮೇಲೆ ಕೂತಿತು. ಏಳನೇ ಕ್ಲಾಸಿನ ನಂತರ ನನಗೆ ಸಿಕ್ಕಿದ ಮೊದಲ ಸರ್ಟಿಫಿಕೇಟು ಅದು. ಮರುಕ್ಷಣದಲ್ಲಿ ಅದಕ್ಕೆ ಮೋಸ ಗೊತ್ತಾಗಿ ಎದ್ದು ಹೋಯಿತು, ಆ ಮಾತು ಬೇರೆ.

"ವತ್ಸಲಾ" ಎಂದರು ಅಜ್ಜಿ, ತಿರುಗದೆ. "ನಮ್ಮ ಹಿತ್ತಲ ಸೀಬೆಮರದಲ್ಲಿ ಅಳಿಲು ಇಳಿಯೋದು ನೀನು ನೋಡಿಲ್ವೇನೆ? ತಲೆ ಮುಂದಾಗಿ ಅಲ್ವೇ ಇಳಿಯೋದು? ಮನುಷ್ಯರ ಥರ ಕಾಲು ಮುಂದೆ ಬಿಟ್ಕೊಂಡು ಇಳಿಯುತ್ತೇನು? ಈಗ ಸರಿಹೋಯ್ತು ನೋಡು. ಆ ಕಡೆ ಹತ್ತಿ, ಈ ಕಡೆ ಇಳಿದು, ಮನೆಯೊಳಗೇ ಬರ್ತಾವೆ. ಹೊರಗೆ ಹೋದದ್ದೂ ವಾಪಸ್ಸು ಬರುತ್ತೆ."

ನಾನು ಉಸಿರು ಬಿಟ್ಟೆ. ಬಿಟ್ಟದ್ದು ಬೇಗ ಆಯಿತು. ಮೇಡಂ ಅವರ ಮಗಳು ಅನನ್ಯಾ, ಏಳೆಂಟು ವರ್ಷದ ಹುಡುಗಿ, ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದವಳು, "ಬಟ್ ಅಜ್ಜಿ, ದ ಮಶ್ರೂಮ್ಸ್ ಆರ್ ಅಪ್‌ಸೈಡ್ ಡೌನ್!" ಎಂದಳು.

ನಿಜವೇ. ಆ ಸಣ್ಣ ಸಣ್ಣ ಅಣಬೆಗಳನ್ನು ನಾನು ಝೊಹರಾಳ ಬದಿಯಿಂದ ನೋಡುವಾಗ ಗಮನಿಸಿಯೇ ಇರಲಿಲ್ಲ. ಎಡಗಡೆಯ ಪರದೆಯ ಮೂಲೆಮೂಲೆಯಲ್ಲೂ ಅವು ಗಾಳಿಗೆ ಮಗುಚಿದ ಕೊಡೆಗಳ ಹಾಗೆ ಬಾಯಿ ಮೇಲೆ ಮಾಡಿ ನಿಂತಿದ್ದವು. ಎಲ್ಲರೂ ನನ್ನ ಮುಖ ನೋಡಿದರು.

"ಇರ್ಲಿ ಬಿಡೇ" ಎಂದರು ಅಜ್ಜಿ. "ನಮ್ಮನೇಲಿ ಅಣಬೆ ತಿನ್ನಲ್ಲ."

ಅಲ್ಲಿಗೆ ತೀರ್ಮಾನವಾಯಿತು. ಮೇಡಂ ಕಣ್ಣೊರೆಸಿಕೊಂಡು ನಕ್ಕೇಬಿಟ್ಟರು. ಕರೀಂ ಭಾಯಿಗೆ ಮಾತು ತಿಳಿಯದಿದ್ದರೂ ನಗು ತಿಳಿಯಿತು. ಅವರು ಏಣಿಯನ್ನು ಗೋಡೆಗೆ ಒರಗಿಸಿ, ಗಟ್ಟಿಯಾಗಿ, "ಆಗ್ತದೆ!" ಎಂದರು.

ಮರುದಿನ ಊಟಕ್ಕೆ ನನ್ನನ್ನೂ ಝೊಹರಾಳನ್ನೂ ಕರೆದಿದ್ದರು. ನಾನು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಪರದೆಯ ಪಕ್ಕದಲ್ಲೇ ನಿಂತೆ. ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡೆ. ಬಂದವರಿಗೆಲ್ಲ ಅಜ್ಜಿಯೇ ವಿವರಿಸುತ್ತಿದ್ದರು. "ಇದು ಹತ್ತಿಳಿಯೋ ಪರದೆ. ಈ ಅಬ್ಬಾಸ್ ಮಾಡಿದ್ದು. ಇವನ ತಲೇಲಿ ಎಂಥ ಐಡಿಯಾ ನೋಡಿ." ಬೆಂಗಳೂರಿನ ಇಂಜಿನಿಯರುಗಳು, ಮಂಗಳೂರಿನ ವ್ಯಾಪಾರಸ್ಥರು, ಎಲ್ಲರೂ ಬಂದು ನೋಡಿ, ತಲೆ ವಾಲಿಸಿ, ನನ್ನ ಕೈ ಕುಲುಕಿದರು. "ಐಡಿಯಾ ಹೇಗೆ ಹೊಳೀತು?" ಎಂದು ಒಬ್ಬರು ಕೇಳಿದರು. "ಅನುಭವ" ಎಂದೆ. ಸ್ವಲ್ಪ ದೂರದಲ್ಲಿ ಹೋಳಿಗೆ ತಿನ್ನುತ್ತಿದ್ದ ನನ್ನ ಅನುಭವ ನನ್ನ ಕಡೆ ನೋಡಿ ಹುಬ್ಬು ಹಾರಿಸಿತು.

ಆಮೇಲೆ ಆರ್ಡರಿನ ಮೇಲೆ ಆರ್ಡರು. ಅಬುಧಾಬಿಯಲ್ಲಿ ಹತ್ತಿಳಿಯುವ ಪರದೆಯ ಗಾಳಿಯೇ ಬೀಸಿತು, ದುಬೈಯಿಂದಲೂ ಫೋನು ಬಂತು. ಮೀನಿನ ಚಿತ್ರ ತಂದರು, ಆಗ್ತದೆ. ಮೀನು ಹೇಗೂ ಈಜುತ್ತದೆ. ಬಳ್ಳಿಹೂ ತಂದರು, ಆಗ್ತದೆ. ಎಲೆ, ನಕ್ಷತ್ರ, ಹಾರುವ ಹಕ್ಕಿ, ಎಲ್ಲದಕ್ಕೂ ಆಗ್ತದೆ. ದುಬೈಯಲ್ಲಿ ಎರಡನೆಯ ಅಂಗಡಿ ತೆರೆದದ್ದು ಆ ಇಳಿಯುವ ಅಳಿಲುಗಳ ಬೆನ್ನ ಮೇಲೆ ಕೂತು. ಅಜ್ಜಿ ಮೈಸೂರಿಗೆ ಹೊರಡುವ ಮೊದಲು ಅಂಗಡಿಗೇ ಬಂದು, "ಲಕ್ಷ್ಮಿ ನಮ್ಮನೆಗೆ ಬರ್ತಾಳೆ ಅಂದ್ಕೊಂಡ್ರೆ ಎಲ್ಲಾ ನಿನ್ನಂಗಡಿಗೇ ಇಳಿದ್ಲಲ್ಲೋ" ಎಂದು ಹೇಳಿ ಹೋದರು.

ಹೀಗಿರುವಾಗ ಒಂದು ಸಂಜೆ ಮನೆಗೆ ಬಂದರೆ ಹಾಲಿನ ನೆಲದಲ್ಲಿ ಹೊಸ ಬಟ್ಟೆ ಹರಡಿತ್ತು. ಝೊಹರಾ ದುಬೈಯ ಬಟ್ಟೆ ಬಜಾರಿನಿಂದ ತಾನೇ ಆರಿಸಿ ತಂದಿದ್ದಳು. ಬಾದಾಮಿ ಬಣ್ಣ, ಅದರಲ್ಲಿ ಆನೆಗಳ ಮೆರವಣಿಗೆ. ಒಳ್ಳೆಯ ಆನೆಗಳು, ಜೂಲು ಹಾಕಿದ ಆನೆಗಳು. ಎಲ್ಲವೂ ಒಂದೇ ಕಡೆಗೆ ಹೊರಟಿದ್ದವು.

"ನಮ್ಮ ಮನೆಗೆ" ಎಂದಳು. "ಬೆಡ್‌ಶೀಟು ಇವತ್ತಿಗೆ ಖಲಾಸ್. ಆ ಅಜ್ಜಿಗೆ ಮಾಡಿದ ಹಾಗೆ ಬೇಕು, ಎದುರುಬದುರು. ಇಷ್ಟು ವರ್ಷಕ್ಕೆ ಒಂದೇ ಕೇಳುದು ನಾನು."

ನಾನು ಬಟ್ಟೆಯನ್ನು ಈ ಬದಿಯಿಂದ ನೋಡಿದೆ. ಗೋಡೆಯ ಬದಿಯಿಂದ ಸುತ್ತಿ ಹೋಗಿ ಅವಳ ಪಕ್ಕ ಕೂತು ನೋಡಿದೆ. ಕುತ್ತಿಗೆ ವಾಲಿಸಿ ನೋಡಿದೆ. ಯಾವ ಬದಿಯಲ್ಲಿ ಕೂತು ನೋಡಿದರೂ ಆನೆ ಇಳಿಯುವುದಿಲ್ಲ. ನಾಲ್ಕು ಕಾಲು ಆಕಾಶಕ್ಕೆ ಎತ್ತಿ, ಜೂಲು ಕೆಳಗೆ ಬೀಳದೆ ಅಂಟಿಕೊಂಡು, ಬೆನ್ನ ಮೇಲೆ ಬಿದ್ದುಕೊಂಡೇ ಇರುತ್ತದೆ. ಹೂವು ಎಂದು ಹೇಳಬಹುದೇ? ಹೇಳಲಾಗದು. ಈಜುತ್ತಿದೆ ಎನ್ನಬಹುದೇ? ಸೊಂಡಿಲು ಬಿಡುವುದಿಲ್ಲ. ಝೊಹರಾ ನನ್ನ ಮುಖವನ್ನೇ ನೋಡುತ್ತಿದ್ದಳು. ಗಿರಾಕಿಯಾಗಿದ್ದರೆ ಆಗ್ತದೆ ಎಂದು ಹೇಳಿ, ಆಮೇಲೆ ಯೋಚಿಸುತ್ತಿದ್ದೆ. ಇವಳಿಗೆ ಮುಂದಿನ ವಾರ ಎಂದು ಹೇಳಿ ಹೇಳಿ ಆ ದಾರಿಯೂ ಮುಚ್ಚಿತ್ತು.

"ಆಗ್ಲಿಕ್ಕಿಲ್ಲ" ಎಂದೆ.

ಅವಳು ಬೆಳ್ಳುಳ್ಳಿಯ ತಟ್ಟೆ ಕೆಳಗಿಟ್ಟಳು. "ಎಂತ ಹೇಳಿದ್ರಿ? ಇನ್ನೊಮ್ಮೆ ಹೇಳಿ." ಒಳಗೆ ತಿರುಗಿ, "ಮಕ್ಕಳೇ, ಬೇಗ ಬನ್ನಿ! ನಿಮ್ಮ ಬಾಪ ಎಂತ ಹೇಳ್ತಾ ಇದ್ದಾರೆ ಕೇಳಿ!" ಎಂದು ಕೂಗಿದಳು. ಮಕ್ಕಳು ಓಡಿ ಬಂದರು. ನಾನು ಇನ್ನೊಮ್ಮೆ ಹೇಳಲಿಲ್ಲ. ಮರುದಿನ ಅಂಗಡಿಗೆ ರಜೆ ಹಾಕಿ, ಆ ಪರದೆಯನ್ನು ಕರೀಂ ಭಾಯಿಗೂ ಕೊಡದೆ, ನಾನೇ ಕತ್ತರಿಸಿ, ನಾನೇ ಹೊಲಿದು, ನಾನೇ ಏರಿಸಿದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಅಂಗಡಿ ಎರಡು, ಮೆಷಿನು ಹದಿನಾಲ್ಕು, ಕರೀಂ ಭಾಯಿ ಒಬ್ಬರು, ಹೆಂಡತಿ ಒಬ್ಬಳು, ಮಕ್ಕಳು ಮೂವರು, "ಆಗ್ಲಿಕ್ಕಿಲ್ಲ" ಎಂದದ್ದು ಒಂದು ಸಲ, ಮನೆಯ ಪರದೆಯಲ್ಲಿ ಆನೆ ಇಪ್ಪತ್ತೆರಡು. ಇಪ್ಪತ್ತೆರಡೂ ಬಾಗಿಲ ಕಡೆಗೇ ಹೊರಟಿವೆ.